ಸದ್ದಿಲ್ಲದ ಸ್ವಿಚ್ ಸಿಗುತ್ತದಾ?

ಪ್ರಶ್ನೆ: ನಾನು ಮನೆಯಲ್ಲೇ ಅನುವಾದದ ಕೆಲಸ ಮಾಡುತ್ತೇನೆ, ಹೆಚ್ಚಾಗಿ ರಾತ್ರಿ. ನುಡಿ ಕೀಲಿಮಣೆ ವಿನ್ಯಾಸ ರೂಢಿ. ಪ್ರತಿ ಕೀ ಕೆಳಗೂ ಬೇರೆ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡ್ ನನ್ನದು, ಅದರಲ್ಲಿ ಬ್ರೌನ್ ಸ್ವಿಚ್ ಇದೆ. ಅದರ ಸದ್ದಿಗೆ ಮಗು ಏಳುತ್ತದೆ. ಕೀ ಒತ್ತಿದ್ದು ಬೆರಳಿಗೆ ಗೊತ್ತಾಗಬೇಕು, ಸದ್ದು ಬೇಡ. ಅಂಥದ್ದು ಇದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ. ಕೊಳ್ಳುವಾಗ ‘ಸೈಲೆಂಟ್ ಟ್ಯಾಕ್ಟೈಲ್’ (ಸದ್ದು ಕಡಿಮೆ, ಆದರೆ ಒತ್ತುವಾಗ ಬೆರಳಿಗೆ ಸಣ್ಣ ಉಬ್ಬು ತಾಗುವಂಥದ್ದು) ಎಂದೇ ಕೇಳಿ. ಬರೀ ಸೈಲೆಂಟ್ ಅಂದರೆ ಸೈಲೆಂಟ್ ರೆಡ್ ಥರದ ಲೀನಿಯರ್, ಅಂದರೆ ತಡೆಯಿಲ್ಲದೆ ನೇರ ಇಳಿಯುವ ಸ್ವಿಚ್ ಕೊಟ್ಟಾರು. ಅದರಲ್ಲಿ ನೀವು ಹುಡುಕುತ್ತಿರುವ ಆ ಸಣ್ಣ ಉಬ್ಬೇ ಇರುವುದಿಲ್ಲ.

ಬ್ರೌನ್ ಸ್ವಿಚ್ ಕ್ಲಿಕ್ ಅನ್ನುವುದಿಲ್ಲ, ನಿಜ. ಆದರೆ ಒತ್ತಿದಾಗ ತಳಕ್ಕೆ ಬಡಿಯುತ್ತದೆ, ಬಿಟ್ಟಾಗ ಮೇಲಕ್ಕೆ ಬಡಿಯುತ್ತದೆ. ಸೈಲೆಂಟ್ ಸ್ವಿಚ್ಚಿನಲ್ಲಿ ಮೇಲೆ ಕೆಳಗೆ ಚಲಿಸುವ ಭಾಗವಾದ ಸ್ಟೆಮ್‌ಗೆ ಈ ಎರಡೂ ಕಡೆ ಮೆತ್ತನೆಯ ತುಣುಕು ಕೂರಿಸಿರುತ್ತಾರೆ. ಹಾಗಾಗಿ ತಳ ಮುಟ್ಟಿದಾಗ ಸ್ವಲ್ಪ ಮೆತ್ತಗೆ ಅನಿಸುತ್ತದೆ. ಕೆಲವರಿಗೆ ಅದು ಹಿಡಿಸುವುದಿಲ್ಲ.

ನನ್ನ ಆಯ್ಕೆ ಬೋಬಾ ಯು4 ಎಂಬ ಸೈಲೆಂಟ್ ಟ್ಯಾಕ್ಟೈಲ್ ಸ್ವಿಚ್. 62 ಗ್ರಾಂ, 68 ಗ್ರಾಂ ಎರಡರಲ್ಲೂ ಬರುತ್ತದೆ; ಇದು ಕೀ ಒತ್ತಲು ಬೇಕಾದ ಬಲ. ಗಂಟೆಗಟ್ಟಲೆ ಟೈಪ್ ಮಾಡುವವರಿಗೆ 62 ಸಾಕು. ಇದರ ಉಬ್ಬು ಬ್ರೌನ್‌ಗಿಂತ ಎಷ್ಟೋ ಜಾಸ್ತಿ ಸ್ಪಷ್ಟ. ಒಂದು ಎಚ್ಚರ: ಯು4ಟಿ ಅಂತ ಇನ್ನೊಂದಿದೆ. ಅದು ಸೈಲೆಂಟ್ ಅಲ್ಲ, ಚೆನ್ನಾಗಿಯೇ ಸದ್ದು ಮಾಡುತ್ತದೆ. ಝೈಲೆಂಟ್ ಎಂಬ ಸೈಲೆಂಟ್ ಟ್ಯಾಕ್ಟೈಲ್ ಸ್ವಿಚ್ ಕೂಡ ಒಳ್ಳೆಯದೇ, ಆದರೆ ದುಬಾರಿ.

ನಿಮ್ಮ ಕೀಬೋರ್ಡ್ ಬೆಸುಗೆ ಬಿಡಿಸದೆ ಸ್ವಿಚ್ ಬದಲಿಸಬಹುದಾದ ಥರದ್ದು, ಅಂದರೆ ಹಾಟ್‌ಸ್ವಾಪ್ ಆಗಿದ್ದರೆ ಹಳೆಯ ಸ್ವಿಚ್ ಕಿತ್ತು ಹೊಸದನ್ನು ಒತ್ತಿದರಾಯಿತು. ತಂತಿಯಂಥ ಎರಡು ಪಿನ್ ನೆಟ್ಟಗಿವೆಯಾ ನೋಡಿಕೊಂಡು ಒತ್ತಿ. ಮಡಚಿಕೊಂಡರೆ ಆ ಕೀ ಕೆಲಸ ಮಾಡುವುದಿಲ್ಲ. ಹಾಟ್‌ಸ್ವಾಪ್ ಅಲ್ಲದಿದ್ದರೆ ಒಂದೊಂದು ಸ್ವಿಚ್ಚನ್ನೂ ಬೆಸುಗೆ ಬಿಡಿಸಿ ತೆಗೆಯಬೇಕು.

ಈಗ ಮುಖ್ಯ ವಿಷಯ. ಸ್ವಿಚ್ ಬದಲಿಸಿಯೂ ಸದ್ದು ಉಳಿದಿದೆ ಅಂತ ಬಹಳ ಜನ ಬೇಜಾರಾಗುತ್ತಾರೆ. ಆ ಸದ್ದು ಸ್ವಿಚ್ಚಿನದಲ್ಲ. ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್, ಶಿಫ್ಟ್‌ನಂಥ ಉದ್ದನೆಯ ಕೀಗಳ ಕೆಳಗೆ ಸ್ಟೆಬಿಲೈಸರ್ ಅನ್ನುವ ತಂತಿ ಇರುತ್ತದೆ. ಗಡಗಡ ಅನ್ನುವುದು ಅದು. ಇಂಗ್ಲಿಷ್ ಟೈಪ್ ಮಾಡುವವರು ಶಿಫ್ಟ್ ಮುಟ್ಟುವುದು ಕಡಿಮೆ. ನಮಗೆ ಹಾಗಲ್ಲ. ನುಡಿಯಲ್ಲಿ ಖ, ಧ, ಭ, ಣ, ಳ ಎಲ್ಲಕ್ಕೂ ಶಿಫ್ಟ್ ಬೇಕು, ದೀರ್ಘಕ್ಕೂ ಬೇಕು. ‘ಕಾಳಿದಾಸ’ ಎಂದು ಒಮ್ಮೆ ಬರೆದು ನೋಡಿ, ಮೂರು ಸಲ ಶಿಫ್ಟ್! ಹಾಗಾಗಿ ಕನ್ನಡದವರು ಸ್ಟೆಬಿಲೈಸರ್ ಕಡೆ ಗಮನ ಕೊಡಲೇಬೇಕು. ಕೀಕ್ಯಾಪ್ (ಕೀ ಮೇಲಿನ ಮುಚ್ಚಳ) ತೆಗೆದು, ತಂತಿಯ ತುದಿ ಪ್ಲಾಸ್ಟಿಕ್ ಒಳಗೆ ಹೋಗುವ ಕಡೆ ಸ್ವಲ್ಪ ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಸದ ಗ್ರೀಸ್) ಹಚ್ಚಿ. ಗಡಗಡ ಬಹುಪಾಲು ನಿಲ್ಲುತ್ತದೆ. ಅಡುಗೆ ಎಣ್ಣೆ ಮಾತ್ರ ಬೇಡ, ಜಿಗುಟು ಕಟ್ಟುತ್ತದೆ.

ಪ್ರಶ್ನೆ: ಸ್ವಿಚ್ ಬದಲಿಸುವಷ್ಟು ದುಡ್ಡಿಲ್ಲ. ಕೀಕ್ಯಾಪ್ ಒಳಗೆ ರಬ್ಬರ್ ಉಂಗುರ ಹಾಕಿದರೆ ಸಾಕಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅರ್ಧ ಸಾಕು. ಉಂಗುರ ತಳದ ಬಡಿತವನ್ನಷ್ಟೇ ತಡೆಯುತ್ತದೆ, ಮೇಲಿನದನ್ನಲ್ಲ. ಅದಕ್ಕಿಂತ ಮೊದಲು ಕೀಬೋರ್ಡಿನ ಕೆಳಗೆ ದಪ್ಪ ಬಟ್ಟೆಯ ಮ್ಯಾಟ್ ಹಾಸಿ ನೋಡಿ. ಮರದ ಮೇಜು ಸದ್ದನ್ನು ಹೆಚ್ಚಿಸುತ್ತದೆ. ಹಾಸ್ಟೆಲ್ ಕೋಣೆಗೆ ಅಷ್ಟೇ ಸಾಕಾಗಬಹುದು.