ಭಗಂದರಕ್ಕೆ ಕ್ಷಾರಸೂತ್ರ: 5 ಸೆಂ.ಮೀ. ಸುರಂಗಕ್ಕೆ ಎಷ್ಟು ವಾರ? ಮತ್ತೆ ಬರುತ್ತದೆಯೇ?

ಭಗಂದರವೆಂದರೆ ಗುದದ ಒಳಗಿನಿಂದ ಪಕ್ಕದ ಚರ್ಮಕ್ಕೆ ತೆರೆಯುವ ಕೀವಿನ ಸುರಂಗ. ಕ್ಷಾರಸೂತ್ರವೆಂದರೆ ಅದರೊಳಗೆ ಕಟ್ಟುವ, ಔಷಧಿ ಲೇಪಿಸಿದ ಆಯುರ್ವೇದದ ದಾರ. ನಿಮ್ಮ ಸುರಂಗ 5 ಸೆಂ.ಮೀ. ಎಂದಿದ್ದೀರಿ. ದಾರ ಸಾಮಾನ್ಯವಾಗಿ ವಾರಕ್ಕೆ ಸುಮಾರು 1 ಸೆಂ.ಮೀ. ಕೊಯ್ಯುತ್ತದೆ. ಆ ಲೆಕ್ಕಕ್ಕೆ ಐದಾರು ವಾರ, ಮೇಲಿನ ಗಾಯ ಮಾಯಲು ಇನ್ನೆರಡು ವಾರ ಸೇರಿಸಿಕೊಳ್ಳಿ. ಕವಲುಗಳಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ.

ದಾರದಲ್ಲಿ ಮಂತ್ರವೇನಿಲ್ಲ. 20ನೇ ನಂಬರಿನ ಲಿನನ್ ದಾರಕ್ಕೆ ಮೊದಲು ಬರೀ ಕಳ್ಳಿಹಾಲು 11 ಸಲ, ನಂತರ ಕಳ್ಳಿಹಾಲಿನ ಜೊತೆ ಉತ್ತರಾಣಿ ಕ್ಷಾರ (ಆ ಗಿಡದ ಬೂದಿಯಿಂದ ತೆಗೆದ ಉಪ್ಪು) 7 ಸಲ, ಕೊನೆಗೆ ಕಳ್ಳಿಹಾಲು, ಅರಿಶಿನ 3 ಸಲ. ಒಟ್ಟು 21 ಲೇಪ. ಒಂದು ಒಣಗಿದ ಮೇಲೇ ಇನ್ನೊಂದು. ಕ್ಷಾರ ತೇವ ಹೀರುವುದರಿಂದ ದಾರ ಗಾಳಿಯಾಡದ ಕೊಳವೆಯಲ್ಲಿರಬೇಕು. ಮೆತ್ತಗಾಗಿ ಲೇಪ ಉದುರುವ ದಾರವನ್ನು ನಾನಾದರೆ ಬಳಸುವುದಿಲ್ಲ. ಕ್ಷಾರ ಒಳಗಿನ ಕೆಟ್ಟ ಪೊರೆಯನ್ನು ಕರಗಿಸುತ್ತದೆ, ಗಂಟಿನ ಬಿಗಿ ನಿಧಾನವಾಗಿ ಕೊಯ್ಯುತ್ತದೆ, ಕೊಯ್ದ ಜಾಗ ಹಿಂದಿನಿಂದಲೇ ತುಂಬಿಕೊಂಡು ಬರುತ್ತದೆ. ಮಲ ತಡೆಹಿಡಿಯುವ ಗುದದ ಸ್ನಾಯು ಒಮ್ಮೆಲೇ ತುಂಡಾಗಿ ಬಿರಿದುಕೊಳ್ಳುವುದಿಲ್ಲ, ಹಾಗಾಗಿ ಮಲದ ಹಿಡಿತ ತಪ್ಪುವ ಭಯ ಕಡಿಮೆ.

ಎಲ್ಲಕ್ಕಿಂತ ಮುಖ್ಯ ಮೊದಲ ದಿನ. ಸುರಂಗದ ಹೊರ ರಂಧ್ರದಿಂದ ಸಲಾಕೆ (ತೆಳು ಲೋಹದ ಕಡ್ಡಿ) ಹಾಕಿ, ಗುದದೊಳಗಿನ ಬೆರಳಿನ ಆಸರೆಯಲ್ಲಿ ಒಳ ರಂಧ್ರ ಹುಡುಕಿ ದಾರ ತಂದು, ಅದರ ಎರಡು ತುದಿಗಳನ್ನು ಹೊರಗೆ ಗಂಟು ಹಾಕುತ್ತಾರೆ. ಸಿಗಲಿಲ್ಲವೆಂದು ಒತ್ತಿ ತೂರಿಸಿದರೆ ಸುಳ್ಳು ದಾರಿಯಾಗುತ್ತದೆ. ದಾರ ಅದನ್ನೇ ಅಚ್ಚುಕಟ್ಟಾಗಿ ಕೊಯ್ಯುತ್ತದೆ, ಅಸಲಿ ಸುರಂಗ ಹಾಗೇ ಉಳಿದು ಕೆಲವು ತಿಂಗಳಲ್ಲಿ ಮತ್ತೆ ಕೀವು. ಮರುಕಳಿಕೆಗೆ ಬಹುಪಾಲು ಕಾರಣ ಇದು, ಇಲ್ಲವೇ ಕಣ್ತಪ್ಪಿದ ಕವಲು. ಅದಕ್ಕೇ ಎಂಆರ್‌ಐ ವರದಿ ವೈದ್ಯರ ಕೈಯಲ್ಲಿರಲಿ. ಕೀವುಗಡ್ಡೆ ಇದ್ದರೆ ಮೊದಲು ಅದನ್ನು ಬಸಿಯಬೇಕು. ಕ್ಷಯ ಅಥವಾ ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಕಾಯಿಲೆಯ ಅನುಮಾನವಿದ್ದರೆ ಬಯಾಪ್ಸಿ (ಅಂಗಾಂಶದ ತುಣುಕಿನ ಪರೀಕ್ಷೆ) ಮಾಡಿಸದೆ ದಾರ ಕಟ್ಟಿಸಿಕೊಳ್ಳಬೇಡಿ.

ಆಮೇಲೆ ವಾರಕ್ಕೊಮ್ಮೆ ಹೊಸ ದಾರವನ್ನು ಹಳೆಯದಕ್ಕೆ ಕಟ್ಟಿ, ಹಳೆಯದನ್ನು ಕತ್ತರಿಸಿ ಎಳೆಯುತ್ತಾರೆ. ಹೊಸದು ತಾನಾಗಿ ಒಳಗೆ ಬರುತ್ತದೆ. ತೆಗೆದ ದಾರದ ಉದ್ದ ಪ್ರತಿ ಸಲ ಅಳೆಯಲು ಹೇಳಿ. ಎರಡು ವಾರ ಅಳತೆ ಇಳಿಯದಿದ್ದರೆ ಗಂಟು ಸಡಿಲ, ಇಲ್ಲವೇ ಕವಲು ಇದೆ. ಬದಲಿಸಿದ ದಿನ, ಮರುದಿನ ಉರಿ ಸಹಜ. ದಿನಕ್ಕೆರಡು ಮೂರು ಸಲ, ಮಲವಿಸರ್ಜನೆಯ ನಂತರವಂತೂ ತಪ್ಪದೆ, ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ 10–15 ನಿಮಿಷ ಕುಳಿತರೆ ಕಡಿಮೆಯಾಗುತ್ತದೆ. ಮಲ ಗಟ್ಟಿಯಾಗಲು ಬಿಡಬೇಡಿ. ಜ್ವರ, ಹೊಸ ಊತ, ಮೂತ್ರ ಕಟ್ಟುವುದು ಸಹಜವಲ್ಲ, ಅಂದೇ ಹೋಗಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ಪ್ರಕಟಿಸಿದ ಬಹುಕೇಂದ್ರ ಪರೀಕ್ಷೆಯಲ್ಲಿ ಒಂದು ವರ್ಷದ ಬಳಿಕ ಮರುಕಳಿಕೆ ಕ್ಷಾರಸೂತ್ರದಲ್ಲಿ ಶೇ. 4, ಶಸ್ತ್ರಚಿಕಿತ್ಸೆಯಲ್ಲಿ ಶೇ. 11. ಮಾಯಲು ಮಾತ್ರ ದಾರಕ್ಕೆ 8 ವಾರ, ಶಸ್ತ್ರಚಿಕಿತ್ಸೆಗೆ 4. ಆತುರವಿದ್ದವರಿಗೆ ಇದು ಹಿಡಿಸದು. ಸುರಂಗ ಸ್ನಾಯುವಿನ ಎತ್ತರದ ಭಾಗ ದಾಟಿದ್ದರೆ, ನಡುವೆ ಕೊಯ್ದು ಒಳಗಿನ ಗಿಡ್ಡ ತುಂಡಿಗೆ ಮಾತ್ರ ದಾರ ಹಾಕುವ ವಿಧಾನವೂ ಇದೆ. ಅದು ನಿಮಗೆ ಹೊಂದುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿ.