ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಗವರ್ನರ್ ಒಂದು ಪಕ್ಷದವರೂ ಉಪ ಗವರ್ನರ್ ಇನ್ನೊಂದು ಪಕ್ಷದವರೂ ಆಗುವುದು ಹೇಗೆ?

ಅಲ್ಲಿ ಆ ಎರಡು ಹುದ್ದೆಗಳಿಗೆ ಮತದಾರರು ಬೇರೆ ಬೇರೆಯಾಗಿ ಮತ ಹಾಕುವುದರಿಂದ. ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಅಧಿಕಾರದ ದೃಷ್ಟಿಯಿಂದ ಮುಖ್ಯಮಂತ್ರಿಗೆ ಹತ್ತಿರವಾದವರು. ಆದರೆ ತಮ್ಮ ಸಹೋದ್ಯೋಗಿಗಳೆಲ್ಲರನ್ನೂ ಅವರೇ ಆರಿಸಿಕೊಳ್ಳುವಂತಿಲ್ಲ. ಉಪ ಗವರ್ನರ್, ಖಜಾಂಚಿ, ರಾಜ್ಯ ಕಾರ್ಯದರ್ಶಿ, ಲೆಕ್ಕ ಪರಿಶೋಧಕ, ಅಟಾರ್ನಿ ಜನರಲ್ ಹುದ್ದೆಗಳಿಗೂ ಎರಡು ವರ್ಷಕ್ಕೊಮ್ಮೆ ಇಡೀ ರಾಜ್ಯವೇ ಮತ ನೀಡುತ್ತದೆ. ಮತಪತ್ರದಲ್ಲಿ ಪ್ರತಿ ಹುದ್ದೆಗೂ ಪ್ರತ್ಯೇಕ ಪಟ್ಟಿ ಇರುವುದರಿಂದ, ಮೇಲಿನ ಸಾಲಿನಲ್ಲಿ ರಿಪಬ್ಲಿಕನ್ ಅಭ್ಯರ್ಥಿಗೆ ಗುರುತು ಹಾಕಿದವರು ಕೆಳಗಿನ ಸಾಲಿನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಆರಿಸಲು ಅಡ್ಡಿಯೇನಿಲ್ಲ. 2020ರಲ್ಲಿ ಆದದ್ದೂ ಇದೇ: ಗವರ್ನರ್ ಆಗಿ ರಿಪಬ್ಲಿಕನ್ ಪಕ್ಷದ ಫಿಲ್ ಸ್ಕಾಟ್, ಉಪ ಗವರ್ನರ್ ಆಗಿ ಡೆಮಾಕ್ರಟಿಕ್ ಪಕ್ಷದ ಮಾಲಿ ಗ್ರೇ ಗೆದ್ದರು.

ಇದಕ್ಕಿಂತ ವಿಚಿತ್ರವಾದ ನಿಯಮ ಇನ್ನೊಂದಿದೆ. ಗವರ್ನರ್, ಉಪ ಗವರ್ನರ್, ಖಜಾಂಚಿ ಈ ಮೂರು ಹುದ್ದೆಗಳಿಗೆ ಹೆಚ್ಚು ಮತ ಪಡೆದರಷ್ಟೇ ಸಾಲದು, ಅರ್ಧಕ್ಕಿಂತ ಹೆಚ್ಚು ಪಡೆಯಬೇಕು. ಯಾರಿಗೂ ಅಷ್ಟು ಬರದಿದ್ದರೆ ಮೊದಲ ಮೂವರಲ್ಲಿ ಒಬ್ಬರನ್ನು 180 ಸದಸ್ಯರ ಶಾಸನಸಭೆ ಗುಪ್ತ ಮತದಾನದಿಂದ ಆರಿಸುತ್ತದೆ. 2014ರ ಗವರ್ನರ್ ಚುನಾವಣೆಯಲ್ಲಿ ಪೀಟರ್ ಶಮ್ಲಿನ್ ಮುಂದಿದ್ದರೂ ಶೇ. 50 ದಾಟಲಿಲ್ಲ, 2015ರ ಜನವರಿಯಲ್ಲಿ ಶಾಸನಸಭೆ ಅವರನ್ನು 110–69 ಮತಗಳಿಂದ ಆಯ್ಕೆ ಮಾಡಿತು. ಸಾಮಾನ್ಯವಾಗಿ ಮುಂದಿದ್ದವರನ್ನೇ ಶಾಸಕರು ಒಪ್ಪಿಕೊಳ್ಳುತ್ತಾರೆ, ಹಾಗೆ ಮಾಡಲೇಬೇಕೆಂಬ ಕಟ್ಟುಪಾಡು ಮಾತ್ರ ಸಂವಿಧಾನದಲ್ಲಿಲ್ಲ.