ಸಹಿ ಬಿದ್ದ ಮೇಲಿನ ಕತೆ ಬರೆಯಿರಿ

ನಮಸ್ಕಾರ.

ಭಾರತದ ಆಯುಧ ಖರೀದಿಯ ಬಗ್ಗೆ ಮಂಡ್ಯದಿಂದ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಉದ್ದಕ್ಕೂ ಹೊಗಳಿ ಕೊನೆಯಲ್ಲಿ ಬೇಡ ಅನ್ನುವುದು ಬರೆಯುವವರಿಗೆ ಮಾಡುವ ಮೋಸ. ಆದರೆ ಲೇಖನದ ನಡುವೆ ನಾಲ್ಕೇ ನಾಲ್ಕು ಸಾಲು ಇವೆ, ಅವು ಮನಸ್ಸಿನಿಂದ ಹೋಗುತ್ತಿಲ್ಲ. ಆ ಸಾಲುಗಳಿಗಾಗಿಯೇ ಇಷ್ಟುದ್ದದ ಉತ್ತರ. ನೀವು ಒಪ್ಪಿದ್ದರಿಂದ ನಿಮ್ಮ ಹೆಸರು ತೆಗೆದು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಸೇನೆ, ಶಸ್ತ್ರಾಸ್ತ್ರ ಅಂತ ಬರೆದು ಕಳಿಸುವವರು ಈಚೆಗೆ ಜಾಸ್ತಿಯಾಗಿದ್ದಾರೆ, ಅವರಿಗೂ ಉಪಯೋಗವಾಗಲಿ.

ಓದದವರಿಗೆ ಲೇಖನದ ಸಾರ ಇಷ್ಟು. ಶ್ರೀರಂಗಪಟ್ಟಣದ ಟಿಪ್ಪುವಿನ ರಾಕೆಟ್‌ನಿಂದ ಶುರು, ಅಲ್ಲಿಂದ ಒಂದೇ ನೆಗೆತಕ್ಕೆ ಫ್ರಾನ್ಸಿನ ರಫೇಲ್ ಯುದ್ಧವಿಮಾನ. ಆಮೇಲೆ ರಷ್ಯಾದ ಎಸ್-400 ವಾಯುರಕ್ಷಣಾ ಕ್ಷಿಪಣಿ, ಅಮೆರಿಕದ ಎಂ777 ಫಿರಂಗಿ, ವಿಮಾನ ಹೊರುವ ವಿಕ್ರಮಾದಿತ್ಯ ಹಡಗು. ಪ್ರತಿಯೊಂದಕ್ಕೂ ಎಷ್ಟು ವೇಗ, ಎಷ್ಟು ದೂರ, ಎಷ್ಟು ಕೋಟಿ. ಭಾರತ ಇನ್ನು ಯಾರಿಗೂ ಹೆದರಬೇಕಿಲ್ಲ ಅಂತ ಮುಕ್ತಾಯ. ಇದರ ಮಧ್ಯೆ ಒಂದು ಕಡೆ, ನಿಮ್ಮ ಅಣ್ಣ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ವರ್ಕ್‌ಶಾಪಿನಲ್ಲಿ ಲೋಹ ಕೊರೆಯುವ ಕಂಪ್ಯೂಟರ್ ಚಾಲಿತ ಸಿಎನ್‌ಸಿ ಮಷೀನ್ ನಡೆಸುತ್ತಾರೆ, ವಿಮಾನಕ್ಕೆ ಹೋಗುವ ಅಲ್ಯೂಮಿನಿಯಂ ಬ್ರಾಕೆಟ್ ಮಾಡುತ್ತಾರೆ, ಅದು ಯಾವ ವಿಮಾನಕ್ಕೆ ಹೋಗುತ್ತದೆ ಅಂತ ಅವರಿಗೇ ತಿಳಿಸಿಲ್ಲ ಅಂತ ಬರೆದಿದ್ದೀರಿ. ಬರೆದು, ಮುಂದಿನ ಪ್ಯಾರಾದಲ್ಲಿ ಕ್ಷಿಪಣಿಗೆ ಹಾರಿಬಿಟ್ಟಿದ್ದೀರಿ.

ಆ ಅಣ್ಣನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ.

36 ರಫೇಲ್‌ಗೆ ಸುಮಾರು 59,000 ಕೋಟಿ ರೂಪಾಯಿ, ಅದನ್ನು 36ರಿಂದ ಭಾಗಿಸಿ ಒಂದು ವಿಮಾನದ ಬೆಲೆ ಇಷ್ಟು, ಬೇರೆ ದೇಶ ಇಷ್ಟಕ್ಕೆ ಕೊಂಡಿದೆ ಅಂತ ಹೋಲಿಸಿದ್ದೀರಿ. ಈ ಭಾಗಾಕಾರ ಕೆಲಸಕ್ಕೆ ಬರುವುದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಸಹಿಯಾದ ಆ 787 ಕೋಟಿ ಯೂರೋ ಒಪ್ಪಂದದಲ್ಲಿ ವಿಮಾನ ಒಂದೇ ಇರಲಿಲ್ಲ. ಕ್ಷಿಪಣಿಗಳಿದ್ದವು, ನಮ್ಮ ವಾಯುಪಡೆ ಕೇಳಿದ ಬದಲಾವಣೆಗಳಿದ್ದವು, ಬಿಡಿಭಾಗ, ತರಬೇತಿ, ಇಷ್ಟು ವಿಮಾನ ಸದಾ ಹಾರಲು ಸಿದ್ಧವಿರಬೇಕು ಅನ್ನುವ ನಿರ್ವಹಣೆಯ ಕರಾರು, ಎಲ್ಲ ಸೇರಿತ್ತು. ಇನ್ನೊಂದು ದೇಶದ ಒಪ್ಪಂದದಲ್ಲಿ ಏನೇನು ಸೇರಿದೆ ಅಂತ ನೋಡದೆ ಬೆಲೆ ಹೋಲಿಸಿದರೆ, ಹೊಗಳಲಿಕ್ಕೂ ತೆಗಳಲಿಕ್ಕೂ ಅದರಿಂದ ಏನೂ ಸಿಗುವುದಿಲ್ಲ. ಈ ತಪ್ಪನ್ನು ದೊಡ್ಡ ದೊಡ್ಡವರೂ ಟಿವಿಯಲ್ಲಿ ಕೂತು ಮಾಡುತ್ತಾರೆ. ನೀವು ಮಾಡಬೇಡಿ.

ಬೆಲೆಯ ಬಗ್ಗೆಯೇ ಬರೆಯಬೇಕು ಅನಿಸಿದರೆ ವಿಕ್ರಮಾದಿತ್ಯ ನಿಮ್ಮ ಲೇಖನದಲ್ಲೇ ಇದೆ, ಅಲ್ವಾ? ನೀವು ಅದರ ಉದ್ದ ಅಗಲ ಬರೆದು ಬಿಟ್ಟಿದ್ದೀರಿ. 2004ರಲ್ಲಿ ರಷ್ಯಾದ ಹಳೆಯ ಗೋರ್ಷ್ಕೋವ್ ಹಡಗನ್ನು ರಿಪೇರಿ ಮಾಡಿಸಿ ಕೊಡಲು 97 ಕೋಟಿ ಡಾಲರ್‌ಗೆ ಒಪ್ಪಂದವಾಯಿತು. 2008ಕ್ಕೆ ಕೊಡಬೇಕಿತ್ತು. ಹಡಗು ಬಿಚ್ಚಿ ನೋಡಿದ ಮೇಲೆ ಕೆಲಸ ಬೆಳೆಯಿತು, ಬೆಲೆಯೂ ಬೆಳೆಯಿತು, ದುಡ್ಡು ಆಗಲೇ ಕೊಟ್ಟಾಗಿತ್ತು, ಬೇಡ ಅಂತ ಎದ್ದು ಬರುವ ಹಾಗಿರಲಿಲ್ಲ. 2010ರಲ್ಲಿ ಮತ್ತೆ ಕೂತು ಸುಮಾರು 230 ಕೋಟಿ ಡಾಲರ್‌ಗೆ ಒಪ್ಪಿಕೊಂಡರು. ನೌಕಾಪಡೆಗೆ ಸೇರಿದ್ದು 2013ರ ನವೆಂಬರಿನಲ್ಲಿ. ಕೊಳ್ಳುವವನ ಕೈ ಯಾವಾಗ ಕಟ್ಟಿಹೋಗುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಬೇಕಾ? ಓದುಗರಿಗೆ ಬೇಕಾದ್ದು ಇದು. ಹಡಗಿನ ಉದ್ದ ಯಾರಾದರೂ ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ.

ಲೇಖನದ ಮುಖ್ಯ ತೊಂದರೆ ಇದೇ. ನಿಮ್ಮ ಪ್ರತಿ ಪ್ಯಾರಾನೂ ಸಹಿ ಹಾಕಿದ ದಿನಕ್ಕೆ ಮುಗಿದುಹೋಗುತ್ತದೆ. ಕೈಕುಲುಕಿದ ಫೋಟೋ ಬಂತು, ಕೋಟಿ ಎಷ್ಟು ಅಂತ ಬಂತು, ಮುಂದಿನ ಒಪ್ಪಂದ. ಆದರೆ ಒಂದು ಯುದ್ಧವಿಮಾನ ಮೂವತ್ತು ನಲವತ್ತು ವರ್ಷ ಇರುತ್ತದೆ. ಮಿಗ್-21 ನಮ್ಮಲ್ಲಿಗೆ ಬಂದದ್ದು 1963ರಲ್ಲಿ, ಚಂಡೀಗಢದಲ್ಲಿ ಬೀಳ್ಕೊಟ್ಟದ್ದು 2025ರ ಸೆಪ್ಟೆಂಬರ್ 26ಕ್ಕೆ. ಅಷ್ಟು ವರ್ಷವೂ ಅದಕ್ಕೆ ಬಿಡಿಭಾಗ ಬೇಕು, ಟೈರು ಬೇಕು, ಎಂಜಿನ್ ಬಿಚ್ಚಿ ಕಟ್ಟುವವರು ಬೇಕು. ನೀವು ಮಂಡ್ಯದವರು, ಆಲೆಮನೆ ನಡೆಸುವವರನ್ನು ಕೇಳಿ. ಸೀಸನ್ ಮಧ್ಯದಲ್ಲಿ ಗಾಣದ ಹಲ್ಲುಚಕ್ರ ಮುರಿದು, ಅದು ಮಾರಿದವನ ಹತ್ತಿರ ಮಾತ್ರ ಸಿಗುತ್ತದೆ ಅಂತಾದರೆ, ಕಡಿದ ಕಬ್ಬು ಒಣಗುತ್ತಾ ಬಿದ್ದಿರುವಾಗ ಅವನು ಹೇಳಿದ್ದೇ ರೇಟು, ಅವನು ಕೊಟ್ಟಾಗಲೇ ಕೆಲಸ.

ದೇಶದ ಮಟ್ಟದಲ್ಲಿ ಇದು ಆಗಿದೆ. 1998ರಲ್ಲಿ ಪೋಖ್ರಾನ್ ಅಣುಪರೀಕ್ಷೆ ಆದ ಮೇಲೆ ಅಮೆರಿಕ ನಿರ್ಬಂಧ ಹಾಕಿತು. ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳನ್ನು ನಾವು ಕೊಂಡದ್ದು ಬ್ರಿಟನ್‌ನಿಂದ. ಆದರೆ ಒಳಗಿನ ಕೆಲವು ಭಾಗ ಅಮೆರಿಕದ್ದು, ಹಾಗಾಗಿ ಬಿಡಿಭಾಗ ಬರದೆ ಹಲವು ಹಾರದೆ ನಿಂತವು. ನಮ್ಮದೇ ತೇಜಸ್ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಯ ಮೇಲೆ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರ್‌ಗಳನ್ನು ವಾಪಸ್ ಕಳಿಸಿದರು, ಉಳಿದ ಕೆಲಸವನ್ನು ಆ ಎಂಜಿನಿಯರ್‌ಗಳೇ ಇಲ್ಲಿಗೆ ಬಂದು ಮುಗಿಸಿದರು. ಇದೇ ತೇಜಸ್‌ನ ಹೊಸ ಮಾದರಿ 83 ಬೇಕು ಅಂತ 2021ರಲ್ಲಿ ಎಚ್‌ಎಎಲ್‌ಗೆ ಆರ್ಡರ್ ಕೊಟ್ಟರು, ಅದೇ ವರ್ಷ ಅಮೆರಿಕದ ಜಿಇ ಕಂಪನಿಯಿಂದ 99 ಎಂಜಿನ್‌ಗೆ ಒಪ್ಪಂದವೂ ಆಯಿತು, ಮೊದಲ ಎಂಜಿನ್ ಕೈಗೆ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಬೆಂಗಳೂರಿನಲ್ಲಿ ವಿಮಾನದ ಮೈ ಸಿದ್ಧವಾದರೂ ಎಂಜಿನ್ ಇನ್ನೊಬ್ಬರ ಕೈಯಲ್ಲಿದೆ. ಸ್ವದೇಶಿ ವಿಮಾನ ಅಂತ ನೀವು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ, ಈ ಎಂಜಿನ್ ವಿಷಯ ಎಲ್ಲೂ ಇಲ್ಲ.

ಸ್ವೀಡನ್ನಿನ ಬೋಫೋರ್ಸ್ ಫಿರಂಗಿಯ ಬಗ್ಗೆ ನೀವು ಬರೆದದ್ದು ಲಂಚದ ಗಲಾಟೆ ಮಾತ್ರ. ಅದು ಬೇಕು, ನಾನು ಬೇಡ ಅನ್ನುವುದಿಲ್ಲ. 1986ರ ಮಾರ್ಚ್‌ನಲ್ಲಿ 410 ಫಿರಂಗಿಗೆ ಸುಮಾರು 1,437 ಕೋಟಿ ರೂಪಾಯಿಯ ಒಪ್ಪಂದ, ಮುಂದಿನ ವರ್ಷ ಸ್ವೀಡನ್ ರೇಡಿಯೋದಲ್ಲಿ ಸುದ್ದಿ, ಆಮೇಲೆ ಸರ್ಕಾರವೇ ಬದಲಾಯಿತು. ಆದರೆ ನನಗೆ ಹೆಚ್ಚು ನೋವಾಗುವುದು ಇನ್ನೊಂದು ವಿಷಯಕ್ಕೆ. ಆ ಗಲಾಟೆಯ ಭಯಕ್ಕೆ ಮುಂದಿನ ಮೂರು ದಶಕ ಯಾವ ಸರ್ಕಾರವೂ ಹೊಸ 155 ಎಂಎಂ ಫಿರಂಗಿ ಕೊಳ್ಳುವ ಕೆಲಸವನ್ನು ದಡ ಮುಟ್ಟಿಸಲಿಲ್ಲ, 145 ಎಂ777ಗೆ ಸಹಿ ಬಿದ್ದದ್ದು 2016ರ ನವೆಂಬರಿನಲ್ಲಿ. ಇತ್ತ ಬೋಫೋರ್ಸ್ ಒಪ್ಪಂದದಲ್ಲೇ ತಂತ್ರಜ್ಞಾನ ಕೊಡುವ ಷರತ್ತಿತ್ತು, ಡ್ರಾಯಿಂಗ್‌ಗಳು ಬಂದಿದ್ದವು. ಅವು ಎಷ್ಟೋ ವರ್ಷ ಸುಮ್ನೆ ಬಿದ್ದಿದ್ದವು. ಅವನ್ನೇ ಆಧಾರವಾಗಿಟ್ಟುಕೊಂಡು ಜಬಲ್ಪುರದಲ್ಲಿ ಮಾಡಿದ ಧನುಷ್ ಫಿರಂಗಿ ಸೇನೆಗೆ ಸಿಕ್ಕಿದ್ದು 2019ರಲ್ಲಿ. ನಡುವೆ ಕಾರ್ಗಿಲ್ ಯುದ್ಧ ಬಂದುಹೋಯಿತು, ಆ ಎತ್ತರದಲ್ಲಿ ಕೆಲಸಕ್ಕೆ ಬಂದದ್ದು ಅದೇ ಬೋಫೋರ್ಸ್. ದುಡ್ಡು ಕೊಟ್ಟು ತಂದ ವಿದ್ಯೆಯನ್ನು ಬಳಸದೆ ಇಟ್ಟದ್ದಕ್ಕೆ ಯಾರನ್ನು ಕೇಳಬೇಕು? ಇದನ್ನು ಬರೆಯಿರಿ. ಇದಕ್ಕೆ ಸಿಟ್ಟು ಬರಬೇಕು.

ಇನ್ನು ಟಿಪ್ಪುವಿನ ಪ್ಯಾರಾ. ಶ್ರೀರಂಗಪಟ್ಟಣ ನಿಮ್ಮ ಜಿಲ್ಲೆ, ಹೆಮ್ಮೆ ಸಹಜ. ಆದರೆ ಅದನ್ನು ಬರೀ ಅಲಂಕಾರಕ್ಕೆ ಇಟ್ಟಿದ್ದೀರಿ, ಲೇಖನದ ವಿಷಯಕ್ಕೆ ಅದು ಎಷ್ಟು ಹತ್ತಿರ ಅಂತ ನೋಡಿಲ್ಲ. ಕಬ್ಬಿಣದ ಕೊಳವೆಯ ರಾಕೆಟ್ ಇಲ್ಲೇ ತಯಾರಾಗುತ್ತಿತ್ತು, ಅದು ನಮ್ಮದೇ. ಸೇನೆಯ ಉಳಿದ ಆಧುನೀಕರಣಕ್ಕೆ ಟಿಪ್ಪು ನಂಬಿದ್ದು ಫ್ರಾನ್ಸನ್ನು. 1787ರಲ್ಲಿ ಮೂವರು ರಾಯಭಾರಿಗಳನ್ನು ಪಾಂಡಿಚೇರಿಯಿಂದ ಹಡಗು ಹತ್ತಿಸಿದ, 1788ರಲ್ಲಿ ಅವರು ಹದಿನಾರನೇ ಲೂಯಿಯನ್ನು ಕಂಡು ಸೈನ್ಯ ಕೇಳಿದರು, ಕುಶಲಕರ್ಮಿಗಳನ್ನು ಕೇಳಿದರು. ಫ್ರಾನ್ಸಿನ ಬೊಕ್ಕಸ ಆಗಲೇ ಖಾಲಿ. ಕೆಲವು ಕುಶಲಕರ್ಮಿಗಳು ಸಿಕ್ಕರು, ಸೈನ್ಯ ಸಿಗಲಿಲ್ಲ. ಮರುವರ್ಷ ಅಲ್ಲಿ ಕ್ರಾಂತಿ. 1792ರಲ್ಲಿ ಶ್ರೀರಂಗಪಟ್ಟಣ ಒಪ್ಪಂದಕ್ಕೆ ಸಹಿ ಹಾಕಿ ಅರ್ಧ ರಾಜ್ಯ ಕಳೆದುಕೊಂಡಾಗ ನೆರವಿಗೆ ಯಾರೂ ಬರಲಿಲ್ಲ. 1798ರಲ್ಲಿ ಮಾರಿಷಸ್‌ನಿಂದ ಮಂಗಳೂರಿಗೆ ಬಂದಿಳಿದವರು ನೂರು ಜನರ ಆಸುಪಾಸು. ಮುಂದಿನ ಮೇ ತಿಂಗಳಲ್ಲಿ ಕೋಟೆ ಬಿತ್ತು.

ಈಗ ಇದರ ಪಕ್ಕದಲ್ಲಿ ಎಸ್-400 ಇಟ್ಟು ನೋಡಿ. 2018ರ ಅಕ್ಟೋಬರಿನಲ್ಲಿ ಸುಮಾರು 543 ಕೋಟಿ ಡಾಲರ್‌ಗೆ ಐದು ಘಟಕಗಳ ಒಪ್ಪಂದ. ಮೊದಲನೆಯದು 2021ರ ಕೊನೆಯಲ್ಲಿ ಬಂತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು, ಮಾರಿದವರಿಗೇ ಆಯುಧ ಬೇಕಾಯಿತು, ಹಣ ಕಳಿಸುವ ದಾರಿಯೂ ಕಷ್ಟವಾಯಿತು, ಉಳಿದವು ತಡವಾದವು. ಎಲ್ಲ ಬಂದು ಸೇರಿದಂತೆ ಬರೆದಿದ್ದೀರಲ್ಲ, ತಾರೀಖು ನೋಡಿ ಸರಿಮಾಡಿ. ಇದೇ ಎಸ್-400 ಕೊಂಡದ್ದಕ್ಕೆ ಟರ್ಕಿಯನ್ನು ಅಮೆರಿಕ 2019ರಲ್ಲಿ ಎಫ್-35 ಯೋಜನೆಯಿಂದ ಹೊರಹಾಕಿತು, ಮರುವರ್ಷ ನಿರ್ಬಂಧವನ್ನೂ ಹಾಕಿತು. ನಮ್ಮ ಮೇಲೆ ಹಾಕಲಿಲ್ಲ. ಯಾಕೆ ಹಾಕಲಿಲ್ಲ ಅನ್ನುವುದೇ ಒಂದು ಲೇಖನವಾಗುತ್ತದೆ.

ಹಾಗಾದರೆ ಕೊಳ್ಳಲೇಬಾರದಿತ್ತಾ ಅಂತ ನೀವು ಕೇಳಬಹುದು. ನಾನು ಹಾಗೆ ಹೇಳುತ್ತಿಲ್ಲ. ವಾಯುಪಡೆಗೆ 42 ಸ್ಕ್ವಾಡ್ರನ್ (ಯುದ್ಧವಿಮಾನಗಳ ತುಕಡಿ) ಇರಬೇಕು ಅಂತ ಮಂಜೂರಾಗಿದೆ, ಮಿಗ್-21 ಹೋದ ಮೇಲೆ ಉಳಿದದ್ದು 29. ಗಡಿಯಲ್ಲಿ ನಿಂತವನಿಗೆ ಇಪ್ಪತ್ತು ವರ್ಷ ತಾಳಪ್ಪ, ನಾವೇ ಮಾಡಿಕೊಡುತ್ತೇವೆ ಅಂತ ಹೇಳಲು ಆಗುವುದಿಲ್ಲ. ಒಬ್ಬರನ್ನೇ ನೆಚ್ಚಿಕೊಳ್ಳುವುದು ಕಡಿಮೆಯಾಗಿರುವುದೂ ನಿಜ. ಜಗತ್ತಿನ ಆಯುಧ ವ್ಯಾಪಾರದ ಲೆಕ್ಕ ಇಡುವ ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಪ್ರಕಾರ 2010ರಿಂದ 2014ರವರೆಗೆ ನಮ್ಮ ಆಯುಧ ಆಮದಿನಲ್ಲಿ ರಷ್ಯಾದ ಪಾಲು ಶೇ. 72, 2020ರಿಂದ 2024ರವರೆಗೆ ಶೇ. 36. ಇದನ್ನೂ ಬರೆಯಿರಿ, ಒಳ್ಳೆಯದನ್ನು ಮುಚ್ಚಿಡಬೇಕಿಲ್ಲ. ಬಜೆಟ್ ಕೂಡ ಒಂದು ಸಾಲು ಬೇಕು: 2025-26ರಲ್ಲಿ ರಕ್ಷಣೆಗೆ ಸುಮಾರು 6.81 ಲಕ್ಷ ಕೋಟಿ, ಅದರಲ್ಲಿ ಹೊಸ ಖರೀದಿಯೂ ಸೇರಿದ ಬಂಡವಾಳ ವೆಚ್ಚ 1.8 ಲಕ್ಷ ಕೋಟಿ, ಪಿಂಚಣಿಗೇ 1.6 ಲಕ್ಷ ಕೋಟಿ. ಆಗ ಓದುವವರಿಗೆ ಕೈಯಲ್ಲಿ ಎಷ್ಟಿದೆ ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ಅಣ್ಣನ ವಿಷಯ. ವಿದೇಶಿ ಕಂಪನಿ ನಮಗೆ ಆಯುಧ ಮಾರಿದರೆ ಬೆಲೆಯ ಒಂದು ಪಾಲನ್ನು ಇಲ್ಲಿಯೇ ಕೆಲಸ ಕೊಟ್ಟೋ, ಭಾಗಗಳನ್ನು ಕೊಂಡೋ, ತಂತ್ರಜ್ಞಾನ ಕೊಟ್ಟೋ ತೀರಿಸಬೇಕು ಅನ್ನುವ ಆಫ್‌ಸೆಟ್ ನಿಯಮ 2005ರಲ್ಲಿ ಬಂತು. ಸಾಮಾನ್ಯವಾಗಿ ಶೇ. 30, ರಫೇಲ್‌ಗೆ ಶೇ. 50. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2020ರ ವರದಿ ಏನು ಹೇಳಿತು ಅಂದರೆ, 2018ರ ಕೊನೆಯ ಹೊತ್ತಿಗೆ 19,000 ಕೋಟಿಗೂ ಹೆಚ್ಚು ತೀರಿಸಬೇಕಿತ್ತು, ತೀರಿಸಿದ್ದೇವೆ ಅಂತ ಕಂಪನಿಗಳೇ ಹೇಳಿಕೊಂಡದ್ದು 11,400 ಕೋಟಿಯ ಸುಮಾರು, ತಂತ್ರಜ್ಞಾನ ಕೊಡುವ ಮಾತಂತೂ ತೀರಾ ಹಿಂದೆ ಬಿದ್ದಿತ್ತು. ಅದೇ ವರ್ಷದ ಹೊಸ ನಿಯಮದಲ್ಲಿ ಸರ್ಕಾರದಿಂದ ಸರ್ಕಾರಕ್ಕೆ ಆಗುವ ಒಪ್ಪಂದಗಳಿಗೆ ಆಫ್‌ಸೆಟ್ಟನ್ನೇ ತೆಗೆದರು.

ನಿಮ್ಮ ಅಣ್ಣನ ಬ್ರಾಕೆಟ್ ಈ ಸರಪಳಿಯಲ್ಲಿದೆಯೋ, ಎಚ್‌ಎಎಲ್‌ಗೆ ಹೋಗುತ್ತದೆಯೋ, ಪ್ರಯಾಣಿಕರ ವಿಮಾನಕ್ಕೋ, ನನಗೆ ಹೇಗೆ ತಿಳಿಯಬೇಕು? ನೀವು ಕೇಳಿ ಬರೆಯಬೇಕು. ಒಂದು ಪೀಸಿಗೆ ಎಷ್ಟು ಹೊತ್ತು ಬೇಕು? ಎಷ್ಟು ರಿಜೆಕ್ಟ್ ಆಗುತ್ತದೆ, ಯಾರು ಬಂದು ಅಳತೆ ನೋಡುತ್ತಾರೆ? ಮಷೀನ್ ಎಲ್ಲಿಯದು, ಕಟಿಂಗ್ ಟೂಲ್ ಎಲ್ಲಿಂದ ಬರುತ್ತದೆ, ಅಲ್ಯೂಮಿನಿಯಂ ಎಲ್ಲಿಯದು? ಅಣ್ಣ ಐಟಿಐಯಲ್ಲಿ ಕಲಿತದ್ದು ಅಲ್ಲಿ ಸಾಕಾಯಿತಾ, ಮತ್ತೆ ಕಲಿತರಾ? ಸಂಬಳ ಹೆಚ್ಚಾಯಿತಾ? ಆರ್ಡರ್ ನಿಂತ ತಿಂಗಳು ಏನು ಮಾಡುತ್ತಾರೆ? ನಮ್ಮ ದೇಶ ಆಯುಧ ಕೊಳ್ಳುವುದರಿಂದ ಕಲಿಯುತ್ತಿದೆಯೋ ಇಲ್ಲವೋ ಅನ್ನುವ ಪ್ರಶ್ನೆಗೆ ದೆಹಲಿಯವರ ಹತ್ತಿರ ಇಲ್ಲದ ಉತ್ತರ ನಿಮ್ಮ ಮನೆಯಲ್ಲಿ ಊಟಕ್ಕೆ ಕೂರುತ್ತಿದೆ. ಸಿಪ್ರಿ ಅಂಕಿ ಯಾರು ಬೇಕಾದರೂ ತರುತ್ತಾರೆ, ಇದನ್ನು ನೀವು ಮಾತ್ರ ತರಬಲ್ಲಿರಿ.

ಹಾಗೇ ಒಂದು ಮಾತು. ಆಧುನೀಕರಣ ಅಂದರೆ ಕ್ಷಿಪಣಿ ಮಾತ್ರ ಅಂತ ತಿಳಿಯಬೇಡಿ. ಸಿಯಾಚಿನ್‌ನಂಥ ಕಡೆ ಇರುವ ಸೈನಿಕನ ಊಟದ ಬಗ್ಗೆ ಸಂಶೋಧನೆ ಮಾಡಲು 1961ರಲ್ಲಿ ಮೈಸೂರಿನಲ್ಲಿ ಡಿಎಫ್‌ಆರ್‌ಎಲ್ ಅನ್ನುವ ಪ್ರಯೋಗಾಲಯ ಶುರುವಾಯಿತು. ಈ ಲೇಖನಕ್ಕೆ ಬೇಡ, ಮುಂದೆ ಯಾವಾಗಲಾದರೂ ಬರೆಯಿರಿ.

ತಿದ್ದುವಾಗ ವೇಗ, ದೂರ, ತೂಕದ ಸಾಲುಗಳನ್ನೆಲ್ಲ ತೆಗೆದುಬಿಡಿ. ‘ಶತ್ರುಗಳು ನಡುಗುತ್ತಾರೆ’ ಅನ್ನುವುದನ್ನೂ ತೆಗೆಯಿರಿ. ಐದು ಒಪ್ಪಂದಗಳ ಬದಲು ಎರಡನ್ನು ಇಟ್ಟುಕೊಳ್ಳಿ, ನನ್ನ ಮಟ್ಟಿಗೆ ಬೋಫೋರ್ಸ್ ಮತ್ತು ತೇಜಸ್ ಎಂಜಿನ್ ಸಾಕು. ಟಿಪ್ಪು ಇರಲಿ, ಆದರೆ ಫ್ರಾನ್ಸಿನ ಜೊತೆ ಇರಲಿ. ಅಣ್ಣನ ಕೆಲಸದ ಬಗ್ಗೆ ಬರೆಯುವ ಮುಂಚೆ ಅವರನ್ನೂ ಅವರ ಮಾಲೀಕರನ್ನೂ ಕೇಳಿ ಒಪ್ಪಿಗೆ ತೆಗೆದುಕೊಳ್ಳಿ. ಪಾರ್ಟ್ ನಂಬರ್, ಡ್ರಾಯಿಂಗ್, ಗಿರಾಕಿಯ ಹೆಸರು ಬರೆಯಬೇಡಿ, ಒಳಗಿನ ಫೋಟೋನೂ ಕಳಿಸಬೇಡಿ. ಅವರ ಕೆಲಸಕ್ಕೆ ತೊಂದರೆ ಆಗುವಂಥದ್ದು ಒಂದು ಸಾಲು ಇದ್ದರೂ ನಾನು ಹಾಕುವುದಿಲ್ಲ. ಒಪ್ಪಿಗೆ ಸಿಕ್ಕರೆ ಫೋನ್ ಮಾಡಿ, ಕೇಳಬೇಕಾದ ಪ್ರಶ್ನೆಗಳನ್ನು ಕೂತು ಸಿದ್ಧ ಮಾಡೋಣ.